ಅಮ್ಮನ ಬೆಳಗಿನ ಮಾತ್ರೆ

ಮಂಗಳೂರು
13 ಅಕ್ಟೋಬರ್ 2024

ಪ್ರೀತಿಯ ಚಿಕ್ಕಮ್ಮ,

ಫೋನಿನ ಕಾಲದಲ್ಲಿ ಹೀಗೆ ಪತ್ರ ಬರೆದು ಹೆದರಿಸುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಲಕೋಟೆ ನೋಡಿದ ಕೂಡಲೇ ನಿಮ್ಮ ಎದೆ ಧಸಕ್ಕೆಂದಿರುತ್ತದೆ. ಏನೂ ಆಗಿಲ್ಲ. ಅಂದರೆ, ಸ್ವಲ್ಪ ಆಗಿದೆ, ಹೆದರುವಂಥದ್ದಲ್ಲ. ನಮ್ಮ ನರ್ಸಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಮೊದಲ ವರ್ಷದವರ ಫೋನುಗಳೆಲ್ಲ ವಾರ್ಡನ್ ಹತ್ತಿರ ಇರುತ್ತವೆ. ಭಾನುವಾರ ಅರ್ಧ ಗಂಟೆ ಕೊಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಅಮ್ಮ ನನ್ನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲೆ ಇಟ್ಟುಬಿಡುತ್ತಾಳೆ. ಅಪ್ಪ, ಚಿಕ್ಕಪ್ಪ, ಅಡುಗೆಮನೆ ಬಾಗಿಲಲ್ಲಿ ನಿಂತ ಕೆಲಸದ ರಂಗಮ್ಮ, ಎಲ್ಲರೂ ಕೇಳುತ್ತಾರೆ. ಕೆಲವು ಮಾತುಗಳನ್ನು ಊಟದ ಮೇಜಿನ ಮೇಲೆ ಇಡಲಿಕ್ಕೆ ಆಗುವುದಿಲ್ಲ.

ಐದನೇ ಕ್ಲಾಸಿಗೆ ನನ್ನನ್ನು ಬೋರ್ಡಿಂಗ್ ಶಾಲೆಗೆ ಹಾಕಿದಾಗ ಪತ್ರ ಬರೆಯುತ್ತಿದ್ದವರು ನೀವೊಬ್ಬರೇ. ಅದಕ್ಕೇ ಇದು ನಿಮಗೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ಕನ್ನಡ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ಇದು. ಕಾಲೇಜು ಸೇರಿದ ಎಲ್ಲರ ರಕ್ತ ಪರೀಕ್ಷೆ ಮಾಡಿದರು. ನನ್ನ ಹಿಮೋಗ್ಲೋಬಿನ್ ಬಹಳ ಕಡಿಮೆ ಬಂತು. ವಾರ್ಡಿನಲ್ಲಿ ಮೊದಲ ದಿನವೇ ನಾನು ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡಿದ್ದೆ. ರೋಗಿಯೊಬ್ಬರೇ ನನಗೆ ಸ್ಟೂಲ್ ಕೊಟ್ಟರು. ನಾಚಿಕೆ ಆಯಿತು. ಡಾಕ್ಟರ್ ಮೇಡಂ ತಿಂಗಳ ದಿನಗಳ ಬಗ್ಗೆ ಕೇಳಿದರು. ನನಗೆ ಬಹಳ ಹೋಗುತ್ತದೆ, ಮೊದಲಿನಿಂದಲೂ. ಎಲ್ಲ ಹುಡುಗಿಯರಿಗೂ ಹಾಗೇ ಎಂದುಕೊಂಡಿದ್ದೆ. ಇದನ್ನು ಯಾರಿಗೂ ಹೇಳಬೇಡಿ ಚಿಕ್ಕಮ್ಮ, ಪ್ಲೀಸ್. ಅಪ್ಪನಿಗಂತೂ ಬೇಡವೇ ಬೇಡ. ಈಗ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಮಾತ್ರೆ ಕೊಡುವಾಗ ಮೇಡಂ, "ಯಾವ ಊರು ನಿಂದು?" ಅಂತ ಕೇಳಿದರು. ಬಣಕಲ್ ಹತ್ತಿರ ಎಂದೆ. "ಹಾಗಾದ್ರೆ ಮಾತ್ರೆ ಕಾಫಿ ಜೊತೆ ನುಂಗ್ತೀಯ, ಅಲ್ವಾ?" ಅಂದರು. ನಮ್ಮ ಕಡೆಯಿಂದ ಬರುವ ಹೆಂಗಸರೆಲ್ಲ ಹಾಗೇ ಮಾಡುತ್ತಾರಂತೆ. ಕಾಫಿ ಜೊತೆ ನುಂಗಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಕಬ್ಬಿಣದ್ದು ಮಾತ್ರ ಅಲ್ಲ, ಥೈರಾಯ್ಡ್ ಮಾತ್ರೆಯೂ ಹಾಗೇ ಅಂದರು.

ಆಗ ನನಗೆ ಅಮ್ಮನ ನೆನಪಾಯಿತು. ಎದ್ದ ಕೂಡಲೇ ಅಮ್ಮ ಒಲೆ ಮುಂದೆ ನಿಂತು ಬೆಲ್ಲದ ಕಾಫಿಯ ಮೊದಲ ಗುಟುಕಿನಲ್ಲೇ ಥೈರಾಯ್ಡ್ ಮಾತ್ರೆ ನುಂಗುವುದನ್ನು ನೀವೂ ನೋಡಿದ್ದೀರಿ. ಎಷ್ಟು ವರ್ಷದಿಂದ. "ಮಾತ್ರೆ ತಗೊಂಡ್ರೂ ಸುಸ್ತು ಹೋಗಲ್ಲ" ಅಂತ ಗೊಣಗುತ್ತಲೇ ಇರುತ್ತಾಳೆ. ಡಾಕ್ಟರು ಪ್ರತಿ ಸಲ ಡೋಸ್ ಏರಿಸುತ್ತಾರೆ. ಕಾಫಿ ಬಗ್ಗೆ ಅಲ್ಲಿ ಯಾರೂ ಕೇಳಿಲ್ಲ, ಅಮ್ಮನೂ ಹೇಳಿಲ್ಲ.

ನೀವು ಅಮ್ಮನಿಗೆ ಹೇಳಬೇಕು. ಎದ್ದು ಬರೀ ನೀರಿನಲ್ಲಿ ಮಾತ್ರೆ ತೆಗೆದುಕೊಳ್ಳಲಿ. ಒಂದು ಗಂಟೆ ಬಿಟ್ಟು ಎಷ್ಟು ಕಾಫಿ ಬೇಕಾದರೂ ಕುಡಿಯಲಿ. ನಾನು ಹೇಳಿದರೆ "ಕಾಲೇಜು ಸೇರಿ ತಿಂಗಳಾಗಿಲ್ಲ, ಡಾಕ್ಟರಾದಳು" ಅನ್ನುತ್ತಾಳೆ. ನೀವು ಹೇಳಿದರೆ ಕೇಳುತ್ತಾಳೆ. ಅವಳು ಕೇಳುವುದು ನಿಮ್ಮದೊಂದೇ ಮಾತು.

ನಿಮ್ಮ
ಗಗನಾ


ಬಣಕಲ್
25 ಅಕ್ಟೋಬರ್ 2024

ಮುದ್ದು ಗಗನಾ,

ಹೆದರಿಸಿದ್ದು ನಿಜ ಮಾರಾಯ್ತಿ. ಪೋಸ್ಟಿನವರು ಗೇಟಿನಲ್ಲೇ "ಸೌಂದರ್ಯಮ್ಮ, ಮಂಗಳೂರಿಂದ" ಅಂತ ಕೂಗಿದಾಗ ಕೈಯಲ್ಲಿದ್ದ ಮೊರ ಬಿಟ್ಟೆ. ಓದಿ ಸಮಾಧಾನ ಆಯಿತು. ನಿನ್ನ ಗುಟ್ಟು ನನ್ನಲ್ಲೇ ಇರುತ್ತೆ. ಕನ್ನಡ ಚೆನ್ನಾಗೇ ಇದೆ, ನಿನ್ನ ಚಿಕ್ಕಪ್ಪನಿಗಿಂತ ವಾಸಿ.

ಇಲ್ಲಿ ಒಂದು ದೊಡ್ಡ ಸುದ್ದಿ ಇದೆ. ನಿನ್ನ ಚಿಕ್ಕಮ್ಮ ಈಗ ಕೋಚ್. ನಗಬೇಡ. ಮೂಡಿಗೆರೆಯಲ್ಲಿ ಒಂದು ಕಂಪನಿಯ ಮೀಟಿಂಗಿಗೆ ಸುಮ್ಮನೆ ಹೋಗಿದ್ದೆ, ಅಲ್ಲೇ ಸೇರಿಕೊಂಡೆ. ನಮ್ಮ ಕಾಫಿ ಬೀಜ ತುಂಬಿಡುವ ಪಾರ್ಚ್‌ಮೆಂಟ್ ಗೋಡೌನಿನ ಮುಂದಿನ ಭಾಗ ಖಾಲಿ ಇತ್ತಲ್ಲ, ಅದನ್ನು ಗುಡಿಸಿ ಸುಣ್ಣ ಹೊಡೆಸಿ ಮ್ಯಾಟ್ ಹಾಸಿದ್ದೇನೆ. "ಬೆಳಗಿನ ಕ್ಲಬ್" ಅಂತ ಹೆಸರು. ಅಕ್ಕಪಕ್ಕದ ತೋಟದ ಹೆಂಗಸರೆಲ್ಲ ಬರುತ್ತಾರೆ. ಸ್ವಲ್ಪ ವ್ಯಾಯಾಮ, ಆಮೇಲೆ ಪೌಡರ್ ಕಲಸಿದ ಶೇಕ್. ಮೇಷ್ಟ್ರ ಹೆಂಡತಿ ತ್ರಿಪುರಸುಂದರಿಯವರು ಮೊದಲ ದಿನ ಸೀರೆಯಲ್ಲೇ ಕೈಯೆತ್ತಲು ಹೋಗಿ ಸೆರಗನ್ನು ಕಿಟಕಿಗೆ ಸಿಕ್ಕಿಸಿಕೊಂಡಿದ್ದರು. ನಕ್ಕೂ ನಕ್ಕೂ ಅದೇ ಆ ದಿನದ ವ್ಯಾಯಾಮ. ಈಗ ಚೂಡಿದಾರ್ ಹೊಲಿಸಿದ್ದಾರೆ.

ನಿಯಮ ಒಂದೇ. ಕಾಫಿ ಬಿಡಬೇಕು. ಕಾಫಿ ಬೆಳೆಯುವ ಮನೆಯವಳು ಕಾಫಿ ಬಿಡಿ ಅಂತ ಪಾಠ ಮಾಡುತ್ತಾಳಲ್ಲ ಅಂತ ನಿನ್ನ ಚಿಕ್ಕಪ್ಪ ಊರಿಗೆಲ್ಲ ಹೇಳಿಕೊಂಡು ನಗುತ್ತಾರೆ. ನಗಲಿ. ಎಲ್ಲರೂ ನನ್ನನ್ನು ಮೇಡಂ ಅನ್ನುತ್ತಾರೆ, ಗೊತ್ತಾ.

ನಿನ್ನ ಅಮ್ಮನೂ ಬರುತ್ತಾರೆ. ನೀನು ಬರೆದದ್ದನ್ನು ಅಕ್ಕನಿಗೆ ಹೇಳಿದೆ. ಚಿಂತೆ ಬಿಡು.

ಬಸ್ಸಿನಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ. ಬೆಳಿಗ್ಗೆ ತಿಂಡಿ ಬದಲು ಇದನ್ನೇ ಕಲಸಿ ಕುಡಿ. ರಕ್ತ ತಾನಾಗಿ ಏರುತ್ತೆ. ಕುಡಿದು ಸ್ವಲ್ಪ ದಿನ ಆದ ಮೇಲೆ ನಗುತ್ತಿರುವ ಒಂದು ಫೋಟೊ ಕಳಿಸು.

ನಿನ್ನ
ಚಿಕ್ಕಮ್ಮ


ಮಂಗಳೂರು
17 ನವೆಂಬರ್ 2024

ಪ್ರೀತಿಯ ಚಿಕ್ಕಮ್ಮ,

ಡಬ್ಬಿ ಬಂತು. ಥ್ಯಾಂಕ್ಸ್. ನಿಮ್ಮ ಕ್ಲಬ್ ಬಗ್ಗೆ ಓದಿ ಖುಷಿಯಾಯಿತು; ತ್ರಿಪುರಸುಂದರಿ ಅಮ್ಮನ ಸೆರಗಿನ ಕಥೆಯನ್ನು ನಾನು ರೂಮಿನಲ್ಲಿ ಅಭಿನಯ ಮಾಡಿ ತೋರಿಸಿದೆ.

ಒಂದು ಮಾತು, ಬೇಜಾರು ಮಾಡಿಕೊಳ್ಳಬಾರದು. ಡಬ್ಬಿಯನ್ನು ಮೇಡಂಗೆ ತೋರಿಸಿದೆ. "ಇದರಿಂದ ರಕ್ತ ಏರಲ್ಲ. ಮಾತ್ರೆ ಬಿಡಬೇಡ, ತಿಂಡಿಯನ್ನೂ ಬಿಡಬೇಡ" ಅಂದರು. ಅದಕ್ಕೆ ನಾನು ಕುಡಿಯಲಿಲ್ಲ. ನಿಜ ಹೇಳಿಬಿಡುತ್ತೇನೆ. ನನ್ನ ರೂಮ್‌ಮೇಟ್ ಅರ್ಪಿತಾ ಇದ್ದಾಳಲ್ಲ, ಕಳಸದವಳು, ಅವಳು ಅದಕ್ಕೆ ಬೆಲ್ಲ, ತುಪ್ಪ ಹಾಕಿ ಉಂಡೆ ಕಟ್ಟಿದಳು. ಇಡೀ ಕಾರಿಡಾರ್ ತಿಂದಿತು. ನನಗೆ ಮಾತ್ರೆಯಿಂದಲೇ ಎಷ್ಟೋ ಪರವಾಗಿಲ್ಲ. ರಾಗಿ, ಸೊಪ್ಪು, ಕಡಲೆಕಾಯಿ ಚಿಕ್ಕಿ, ಮಾತ್ರೆಯ ಜೊತೆ ನಿಂಬೆಹಣ್ಣಿನ ನೀರು. ಈಗ ವಾರ್ಡಿನಲ್ಲಿ ಗೋಡೆ ಹಿಡಿಯುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ನೀವು ಕೇಳಿದ ಫೋಟೊ ಇದರ ಜೊತೆಗಿದೆ, ದೀಪ ಹಚ್ಚುವ ಕಾರ್ಯಕ್ರಮದ್ದು. ಕೆನ್ನೆ ಸ್ವಲ್ಪ ಬಂದಿದೆ, ಅಲ್ಲವಾ?

ಅಮ್ಮ ಮಾತ್ರೆಯನ್ನು ನೀರಿನಲ್ಲೇ ತೆಗೆದುಕೊಳ್ಳುತ್ತಿದ್ದಾಳಾ? ಹೋದ ಭಾನುವಾರ ಫೋನಿನಲ್ಲಿ ಅವಳ ದನಿ ಒಡೆದ ಹಾಗಿತ್ತು. ಶೀತವಾ ಅಂದರೆ ಇಲ್ಲ ಅಂದಳು. ಮಾತಿನ ಮಧ್ಯೆ ಸುಮ್ಮನಾದಳು, ಲೈನ್ ಹೋಯಿತು ಅಂದುಕೊಂಡೆ. ಆಮೇಲೆ ನೋಡಿದರೆ ಕೂತಲ್ಲೇ ನಿದ್ದೆ ಹೋಗಿದ್ದಳಂತೆ. ಅಪ್ಪ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ನಾನು ಸುಮ್ಮನೆ ಹೆದರುತ್ತಿದ್ದೇನೇನೋ, ಓದಿದ ರೋಗವೆಲ್ಲ ಮನೆಯವರಿಗೇ ಬಂದ ಹಾಗೆ ಅನ್ನಿಸುವುದು ಮೊದಲ ವರ್ಷದ ಕಾಯಿಲೆ ಅಂತ ಸೀನಿಯರ್ಸ್ ಹೇಳುತ್ತಾರೆ. ನೀವು ಒಂದು ಸಾಲು ಬರೆದರೆ ಸಾಕು.

ನಿಮ್ಮ
ಗಗನಾ


ಬಣಕಲ್
10 ಡಿಸೆಂಬರ್ 2024

ಗಗನಾ,

ಕಾಫಿ ಹಣ್ಣಿನ ಕೊಯ್ಲು ಜೋರು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಸದ್ದಿನಲ್ಲಿ ತಲೆ ಚಿಟ್ಟು ಹಿಡಿದಿದೆ. ಅದಕ್ಕೇ ಎರಡೇ ಸಾಲು.

ಅಕ್ಕ ಚೆನ್ನಾಗಿದ್ದಾರೆ. ಬೆಳಗಿನ ಕಾಫಿ ಪೂರ್ತಿ ಬಿಟ್ಟಿದ್ದಾರೆ, ನಂಬುತ್ತೀಯಾ? ಕಾಫಿಗೂ ಮಾತ್ರೆಗೂ ಜಗಳ ಅಂತ ನೀನು ಬರೆದಿದ್ದೆಯಲ್ಲ, ಆ ಜಗಳವೇ ಈಗಿಲ್ಲ.

ಫೋಟೊ ಬಹಳ ಚೆಂದ. ಎಲ್ಲರಿಗೂ ತೋರಿಸಿದೆ.

ಚಿಕ್ಕಮ್ಮ


ಮಂಗಳೂರು
22 ಡಿಸೆಂಬರ್ 2024

ಪ್ರೀತಿಯ ಚಿಕ್ಕಮ್ಮ,

ನಿಮ್ಮ ಎರಡು ಸಾಲು ಓದಿ ನಾನು ಮೆಸ್ಸಿನಲ್ಲಿ ಕುಣಿದೆ. ಅಮ್ಮ ಕಾಫಿ ಬಿಟ್ಟಳು ಅಂದರೆ ಅದು ದೊಡ್ಡ ಮಾತು. ಅಜ್ಜ ತೀರಿಕೊಂಡ ದಿನವೂ ಅವಳು ಕಾಫಿ ಬಿಟ್ಟವಳಲ್ಲ. ಮೇಡಂಗೆ ಹೋಗಿ ಹೇಳಿದೆ. ಮೇಡಂ ಕ್ಲಾಸಿನಲ್ಲಿ ಎಲ್ಲರ ಮುಂದೆ, "ನೋಡಿ, ಒಂದು ಮನೇಲಿ ಒಬ್ಬರು ತಿಳ್ಕೊಂಡ್ರೆ ಎಷ್ಟು ಬದಲಾಗ್ತದೆ" ಅಂದರು. ನಾನು ತಲೆ ತಗ್ಗಿಸಿ ಕೂತಿದ್ದೆ, ಒಳಗೊಳಗೇ ಹಿಗ್ಗು. ಇದಕ್ಕೆಲ್ಲ ನೀವೇ ಕಾರಣ. ಇನ್ನು ಮಾತ್ರೆ ಮೈಗೆ ಹತ್ತುತ್ತದೆ, ನೋಡುತ್ತಿರಿ, ಕಾಫಿ ಹೂ ಬಿಡುವ ಬ್ಲಾಸಮ್ ಹೊತ್ತಿಗೆ ಅಮ್ಮ ತೋಟದ ಏರು ಓಡಿ ಹತ್ತುತ್ತಾಳೆ.

ಕ್ರಿಸ್ಮಸ್‌ಗೆ ರಜೆ ಒಂದೇ ದಿನ. ಸಂಕ್ರಾಂತಿಗೆ ಬರುತ್ತೇನೆ. ನಿಮ್ಮ ಕ್ಲಬ್ಬಿನಲ್ಲಿ ನಾನೂ ಕೈಕಾಲು ಎತ್ತುತ್ತೇನೆ. ಶೇಕ್ ಮಾತ್ರ ಬೇಡ.

ನಿಮ್ಮ
ಗಗನಾ


ಮಂಗಳೂರು
19 ಜನವರಿ 2025

ಚಿಕ್ಕಮ್ಮನಿಗೆ,

ಸಂಕ್ರಾಂತಿಗೆ ನಾನು ಬಂದಾಗ ನೀವು ಚಿಕ್ಕಮಗಳೂರಿಗೆ ಕಂಪನಿಯ ಟ್ರೈನಿಂಗಿಗೆ ಹೋಗಿದ್ದಿರಿ. ನಾನು ಬರುವುದು ನಿಮಗೆ ಗೊತ್ತಿತ್ತು. ನಾನು ಹೊರಟ ಮೇಲೆ ಹಿಂತಿರುಗಿದಿರಂತೆ. ಅದಕ್ಕೇ ಎದುರಿಗೆ ಹೇಳಬೇಕಾದದ್ದನ್ನು ಬರೆಯಬೇಕಾಗಿದೆ.

ಬಸ್ಸಿಳಿದು ಬರುವಾಗ ಅಮ್ಮ ಕಣದಲ್ಲಿ ಕೂತಿದ್ದಳು. ಮಧ್ಯಾಹ್ನದ ಬಿಸಿಲು, ಒಣಗಲು ಹರವಿದ ಹಣ್ಣಿನ ನಡುವೆ, ಸ್ವೆಟರ್ ಹಾಕಿಕೊಂಡು. ರಂಗಮ್ಮನ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು, ಅಮ್ಮ ಮಫ್ಲರ್ ಸರಿಮಾಡಿಕೊಳ್ಳುತ್ತಿದ್ದಳು. ಮುಖ ಊದಿತ್ತು. ದೂರದಿಂದ ನನಗೆ ಗುರುತೇ ಹತ್ತಲಿಲ್ಲ, ನನ್ನ ಅಮ್ಮನದು. ಮಾತಾಡಿದರೆ ಗಂಡಸಿನ ದನಿ. ಮನೆಯ ಮೆಟ್ಟಿಲಿನ ಅರ್ಧಕ್ಕೆ ಕೂತುಬಿಟ್ಟಳು. ನನಗೆ ಕೇಸರಿಬಾತು ಮಾಡುತ್ತೇನೆಂದು ಒಲೆ ಹಚ್ಚಿದವಳು ಯಾಕೆ ಹಚ್ಚಿದೆ ಎಂದು ನನ್ನನ್ನೇ ಕೇಳಿದಳು.

ನಾಡಿ ಹಿಡಿದು ನೋಡಿದೆ. ನಮಗೆ ಮೊದಲು ಕಲಿಸುವುದೇ ಅದು. ಅಷ್ಟು ನಿಧಾನ ಬಡಿಯುವ ನಾಡಿಯನ್ನು ನಾನು ವಾರ್ಡಿನಲ್ಲಿ ಕಂಡಿಲ್ಲ.

"ಮಾತ್ರೆ ತಗೊಳ್ತಿದ್ದೀಯಾ ಅಮ್ಮ?" ಅಂದೆ. ಅವಳು ನಗುತ್ತಾ, "ನೀನೇ ಬಿಡು ಅಂದ್ಯಲ್ಲ, ದೀಪಾವಳಿಗೇ ಬಿಟ್ಟೆ" ಅಂದಳು.

ನಾನು ಹಾಗೆ ಹೇಳಿದೆನಾ ಚಿಕ್ಕಮ್ಮ?

ಮರುದಿನ ಬೆಳಿಗ್ಗೆ ನಿಮ್ಮ ಕ್ಲಬ್ಬಿಗೆ ಹೋದೆ. ನೀವಿಲ್ಲದಿದ್ದರೂ ಬೀಗದ ಕೈ ತ್ರಿಪುರಸುಂದರಿ ಅಮ್ಮನ ಹತ್ತಿರ ಇತ್ತು. ಗೋಡೆಯ ಮೇಲೆ ನನ್ನ ಫೋಟೊ, ದೊಡ್ಡದು ಮಾಡಿಸಿ, ಕೆಳಗೆ ಆ ಕಂಪನಿಯ ಡಬ್ಬಿಯ ಚಿತ್ರ. ಪಕ್ಕದಲ್ಲಿ ನನ್ನದೇ ಇನ್ನೊಂದು ಫೋಟೊ, ಪಿಯುಸಿ ಪರೀಕ್ಷೆ ಹೊತ್ತಿನದು, ಜ್ವರ ಬಂದಿದ್ದಾಗ ನೀವೇ ತೆಗೆದದ್ದು. ನಾನು ನಿಂತಲ್ಲೇ ನಿಂತೆ. ಎಲ್ಲರೂ ಸುತ್ತ ಬಂದರು. ತ್ರಿಪುರಸುಂದರಿ ಅಮ್ಮ ನನ್ನ ಗಲ್ಲ ಹಿಡಿದು, "ನಿನಗೆ ತಿಂಗಳ ತೊಂದ್ರೆ ಬಹಳ ಇತ್ತಂತಲ್ಲ ಕೂಸೇ, ಈಗ ಇಲ್ವಂತೆ. ನಿನ್ನ ಕಂಡು ನಮಗೆಲ್ಲ ಧೈರ್ಯ ಬಂತು" ಅಂದರು. ಇನ್ನೊಬ್ಬರು, "ನರ್ಸ್ ಓದೋ ಹುಡುಗಿಯೇ ಇಂಗ್ಲಿಷ್ ಮಾತ್ರೆ ದಂಡ ಅಂದ ಮೇಲೆ ಇನ್ನೇನು" ಅಂದರು. ಚಿಕ್ಕಪ್ಪ ಬಾಗಿಲ ಹೊರಗೆ ಮೂಟೆ ಎಣಿಸುತ್ತಿದ್ದರು. ಎಲ್ಲ ಕೇಳಿಸುವಷ್ಟು ಹತ್ತಿರ. ತಲೆ ಎತ್ತಲಿಲ್ಲ, ಅಂದರೆ ಅವರಿಗೆ ಮೊದಲೇ ಗೊತ್ತಿತ್ತು.

ಯಾರಿಗೂ ಹೇಳಬೇಡಿ ಎಂದು ನಾನು ಬರೆದಿದ್ದೆ. ನಿನ್ನ ಗುಟ್ಟು ನನ್ನಲ್ಲೇ ಇರುತ್ತೆ ಎಂದು ನೀವು ಬರೆದಿದ್ದಿರಿ.

ಅದು ಹೋಗಲಿ. ಅದನ್ನು ನಾನು ಹೇಗೋ ಸಹಿಸಿಕೊಳ್ಳುತ್ತೇನೆ, ಇನ್ನೂ ಹೇಗೆಂದು ಗೊತ್ತಿಲ್ಲ. ಅಮ್ಮನ ವಿಷಯ ಬೇರೆ. ಕಾಫಿ ಜೊತೆ ಬೇಡ, ನೀರಿನ ಜೊತೆ ತೆಗೆದುಕೊಳ್ಳಲಿ ಎಂದು ನಾನು ಬರೆದೆ. ನೀವು ಅದರಲ್ಲಿ ಅರ್ಧ ಮಾತ್ರ ಅಮ್ಮನಿಗೆ ಕೊಟ್ಟಿರಿ. ಅವಳು ಕಾಫಿ ಬಿಟ್ಟ ದಿನದಿಂದ ಮಾತ್ರೆ ಮೊದಲ ಬಾರಿಗೆ ಸರಿಯಾಗಿ ಕೆಲಸ ಮಾಡಬೇಕಿತ್ತು. ಅದೇ ದಿನ ಮಾತ್ರೆಯನ್ನೂ ಬಿಡಿಸಿದಿರಿ.

ಹೊರಡುವ ಮೊದಲು ಅಮ್ಮನ ಮುಂದೆ ಕೂತು ಎಲ್ಲ ಬಿಡಿಸಿ ಹೇಳಿದ್ದೇನೆ. ಅವಳು, "ಆಯ್ತು ಮಗಾ, ತಗೊಳ್ತೀನಿ" ಅಂದಿದ್ದಾಳೆ. ಅಡ್ಡ ಬರಬೇಡಿ. ಮತ್ತೆ ಆ ಹೆಂಗಸರಲ್ಲಿ ಯಾರ್‍ಯಾರು ನನ್ನ ಹೆಸರು ಕೇಳಿ ಮಾತ್ರೆ ಬಿಟ್ಟಿದ್ದಾರೋ ಅವರಿಗೆಲ್ಲ ನಿಜ ಹೇಳಿ. ಆ ಫೋಟೊ ತೆಗೆಯಿರಿ.

ಗಗನಾ


ಮಂಗಳೂರು
29 ಜನವರಿ 2025

ಚಿಕ್ಕಮ್ಮನಿಗೆ,

ನನ್ನ ಪತ್ರ ಸಿಕ್ಕಿತಾ? ಈ ಭಾನುವಾರ ಫೋನು ಅಮ್ಮ ಎತ್ತಲಿಲ್ಲ. ನೀವು ಎತ್ತಿದಿರಿ. "ಅಕ್ಕ ಮಲಗಿದ್ದಾರೆ" ಅಂದು ಇಟ್ಟಿರಿ. ನನ್ನ ಪತ್ರದ ಬಗ್ಗೆ ಒಂದು ಮಾತಿಲ್ಲ. ಹತ್ತಿರ ಜನ ಇದ್ದರೇನೋ. ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ.

ಗಗನಾ


ಬಣಕಲ್
2 ಫೆಬ್ರವರಿ 2025

ಗಗನಾ,

ನಿನ್ನ ಎರಡೂ ಪತ್ರ ಸಿಕ್ಕಿವೆ. ಮೊದಲನೆಯದನ್ನು ಓದಿ ಅತ್ತೆ. ಇಷ್ಟು ದೊಡ್ಡವಳಾದೆಯಾ ನೀನು, ಚಿಕ್ಕಮ್ಮನಿಗೆ "ಅಡ್ಡ ಬರಬೇಡಿ" ಅಂತ ಬರೆಯುವಷ್ಟು.

ನಾನು ಯಾರಿಗೂ ವಿಷ ಕೊಟ್ಟಿಲ್ಲ. ಕಾಫಿ ಜೊತೆ ನುಂಗಿದ ಮಾತ್ರೆ ದಂಡ ಅಂತ ಬರೆದವಳು ನೀನು. ಇಷ್ಟು ವರ್ಷ ನುಂಗಿದ್ದೆಲ್ಲ ದಂಡವೇ ಆಗಿದ್ದರೆ, ಅದಿಲ್ಲದೆಯೂ ಅಕ್ಕ ಬದುಕಿಯೇ ಇದ್ದರಲ್ಲ. ಅಷ್ಟನ್ನೇ ನಾನು ಹೇಳಿದ್ದು. ಬಿಟ್ಟದ್ದು ಅಕ್ಕನೇ. ನಾನೇನು ಕೈ ಹಿಡಿದು ಬಿಡಿಸಲಿಲ್ಲ. ಮುಖ ಊದಿರುವುದು ಮೈಯಲ್ಲಿರುವ ಕೆಟ್ಟದ್ದು ಹೊರಗೆ ಬರುವ ಲಕ್ಷಣ ಅಂತ ನಮ್ಮ ಟ್ರೈನಿಂಗಿನಲ್ಲಿ ಹೇಳಿದ್ದಾರೆ. ಇನ್ನು ಸ್ವಲ್ಪ ದಿನ ತಡೆದರೆ ಇಳಿಯುತ್ತೆ.

ನಿನ್ನ ತಿಂಗಳ ವಿಷಯ ಹೇಳಿದ್ದು ಹೆಂಗಸರ ನಡುವೆ. ಗಂಡಸರ ಮುಂದೆ ಅಲ್ಲ. ನಿನ್ನ ಹೆಸರು ಹೇಳಿದ ಮೇಲೆ ಎಷ್ಟು ಜನ ಬಾಯಿ ಬಿಟ್ಟು ಅವರವರ ಕಷ್ಟ ಹೇಳಿಕೊಂಡರು ಗೊತ್ತಾ? ಅದಕ್ಕೆ ಮೊದಲು ಒಬ್ಬರೂ ಹೇಳಿದವರಲ್ಲ.

ಈ ಮನೆಗೆ ಬಂದಾಗಿನಿಂದ ನನ್ನನ್ನು ಯಾರೂ ಏನನ್ನೂ ಕೇಳಿದ್ದಿಲ್ಲ. ಯಾವ ಗೊಬ್ಬರ, ಯಾರು ಮೇಸ್ತ್ರಿ, ಯಾವಾಗ ಮಾರುವುದು, ಎಲ್ಲ ಭಾವ ಮತ್ತು ನಿನ್ನ ಚಿಕ್ಕಪ್ಪ. ಅಡುಗೆಗೆ ಏನು ಅಂತ ಕೇಳುವುದೂ ಅಕ್ಕನನ್ನೇ. ನಾನು ಎರಡನೇ ಸೊಸೆ. ಈಗ ಬೆಳಗಾದರೆ ಅಷ್ಟು ಜನ ಬಂದು, "ಮೇಡಂ, ಇವತ್ತು ಏನು ತಿನ್ಲಿ, ಹೇಗೆ ಕೂರ್ಲಿ, ಕಾಲು ನೋಯ್ತದೆ, ಏನು ಮಾಡ್ಲಿ" ಅನ್ನುತ್ತಾರೆ. ಮಾರ್ಚಿನಲ್ಲಿ ಮೈಸೂರಿನಲ್ಲಿ ಕಂಪನಿಯವರ ದೊಡ್ಡ ಸಮಾರಂಭ. ನನ್ನನ್ನು ಸ್ಟೇಜಿಗೆ ಕರೆಯುತ್ತಾರೆ. ನಿನ್ನ ಕಥೆಯನ್ನೇ ಹೇಳಲು ಹೇಳಿದ್ದಾರೆ. ಈಗ ನಾನು ಹೋಗಿ ಅದೆಲ್ಲ ಹಾಗಲ್ಲ ಅಂತ ಹೇಳಬೇಕಾ? ಬಣಕಲ್ಲಿನಿಂದ ಕೊಟ್ಟಿಗೆಹಾರದವರೆಗೂ ನಗುತ್ತಾರೆ. ನಿನ್ನ ಚಿಕ್ಕಪ್ಪ ಮೊದಲು ನಗುತ್ತಾರೆ.

ನಿನಗೆ ಪತ್ರ ಬರೆಯುತ್ತಿದ್ದವಳು ನಾನು. ಅದನ್ನಾದರೂ ನೆನಪಿಟ್ಟುಕೋ. ಯಾವ ಗ್ರೂಪಿನಲ್ಲೂ ಏನೂ ಹಾಕಬೇಡ. ಪರೀಕ್ಷೆ ಕಡೆ ನೋಡು.

ಚಿಕ್ಕಮ್ಮ


ಮಂಗಳೂರು
9 ಫೆಬ್ರವರಿ 2025

ಚಿಕ್ಕಮ್ಮ,

ನಿಮ್ಮ ಪತ್ರ ಗುರುವಾರ ಬಂತು. ಅದಕ್ಕೆ ಉತ್ತರ ಬರೆದು ಹರಿದೆ. ಸಿಟ್ಟಿನಲ್ಲಿ ಬರೆದದ್ದು, ಅರ್ಧ ಇಂಗ್ಲಿಷಿನಲ್ಲಿತ್ತು. ಈಗ ಬರೆಯುತ್ತಿರುವುದು ಬೇರೆ. ಇವತ್ತು ಅಪ್ಪನಿಗೆ ಫೋನ್ ಮಾಡಿ, ಅಮ್ಮನಿಗೇ ಕೊಡಿ ಎಂದು ಹಟ ಹಿಡಿದೆ.

ಅಮ್ಮ ಶುಕ್ರವಾರ ಕಣದಲ್ಲಿ ಹಣ್ಣು ಕೆದಕುತ್ತಾ ಬಿದ್ದಳಂತೆ. ನೀವು ಅಲ್ಲೇ ಇದ್ದಿರಂತೆ. ರಂಗಮ್ಮ ಎತ್ತಿ ಕೂರಿಸಿದರಂತೆ. ಮೂಡಿಗೆರೆಯಲ್ಲಿ ಡಾಕ್ಟರು ಅಪ್ಪನಿಗೆ ಬೈದು ಅದೇ ಮಾತ್ರೆ ಮತ್ತೆ ಬರೆದುಕೊಟ್ಟರಂತೆ. ಕಡಿಮೆ ಡೋಸಿನಿಂದ ಶುರು ಮಾಡಿ, ನಾಳೆಯಿಂದಲೇ, ಒಂದು ದಿನ ತಪ್ಪಬಾರದು ಅಂದರಂತೆ. ಅಪ್ಪ ಮಾತ್ರೆ ತಂದು ಅಮ್ಮನ ಕೈಗೆ ಕೊಟ್ಟಿದ್ದಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು.

"ಮಾತ್ರೆ ತಗೊಂಡ್ಯಾ ಅಮ್ಮ?" ಅಂದೆ.

"ಹೂಂ," ಅಂದಳು. ಆಮೇಲೆ ದನಿ ತಗ್ಗಿಸಿ, "ಪಕ್ಕದಲ್ಲಿ ಯಾರಾದ್ರೂ ಇದಾರಾ ಮಗಾ? ಇದ್ರೆ ಬರೀ ಹೂಂ ಅನ್ನು ಸಾಕು" ಅಂದಳು.

"ಯಾರೂ ಇಲ್ಲ. ಯಾಕೆ?"

"ಸುಮ್ನಿರು. ನಂಗೆ ಗೊತ್ತು. ನಿನ್ನ ಚಿಕ್ಕಮ್ಮ ಎಲ್ಲ ಹೇಳಿದಾಳೆ. ಕಾಲೇಜಿನೋರು ಮಾತ್ರೆ ಪರವಾಗೇ ಮಾತಾಡ್ಬೇಕು ಅಂತಾರಂತೆ, ಇಲ್ದಿದ್ರೆ ಮಾರ್ಕ್ಸ್ ಕೊಡಲ್ವಂತೆ. ನೀನು ಸಂಕ್ರಾಂತೀಲಿ ಹೇಳಿದ್ದೂ ಅದ್ಕೇ ಅಂತೆ. ನೀನು ಹೇಳೋದು ಹೇಳು, ನಾನು ಹೂಂ ಅಂತೀನಿ. ನಿನ್ನ ಓದಿಗೆ ನಾನು ಕಲ್ಲು ಹಾಕಲ್ಲ."

ನಾನು ಅತ್ತೆ. ಅಳುವುದನ್ನು ಕೇಳಿ ಅವಳಿಗೆ ಇನ್ನೂ ಖಾತ್ರಿಯಾಯಿತು, ಯಾರೋ ಪಕ್ಕದಲ್ಲಿ ನಿಂತು ನನ್ನನ್ನು ಹೆದರಿಸುತ್ತಿದ್ದಾರೆ ಅಂತ. "ಅಳ್ಬೇಡ, ಅಳ್ಬೇಡ, ತಗೊಂಡೆ ಅಂತ ಅವ್ರಿಗೆ ಹೇಳ್ಬಿಡು" ಅಂದಳು. ಆ ಒಡೆದ ದನಿಯಲ್ಲಿ ನನ್ನನ್ನು ಸಮಾಧಾನ ಮಾಡಿದಳು.

ನೀವು ಇಷ್ಟು ಯೋಚನೆ ಮಾಡಿ ಇದನ್ನು ಮಾಡಿದ್ದೀರಿ. ನಾನು ಏನು ಹೇಳಿದರೂ ಅದು ಸುಳ್ಳು ಅನ್ನಿಸುವ ಹಾಗೆ. ಗೋಡೆಯ ಮೇಲಿನ ಫೋಟೊ ನೋಡಿದಾಗ ನಿಮಗೆ ಮೇಡಂ ಅನ್ನಿಸಿಕೊಳ್ಳುವ ಆಸೆ, ಆ ಉತ್ಸಾಹದಲ್ಲಿ ಬಾಯಿತಪ್ಪಿದೆ ಅಂದುಕೊಳ್ಳಲು ಪ್ರಯತ್ನಿಸಿದ್ದೆ. ನಿಮ್ಮ ಪತ್ರದಲ್ಲಿ ಎರಡನೇ ಸೊಸೆ ಎಂದು ಓದಿದಾಗ ಪಾಪ ಅನ್ನಿಸಿತ್ತು, ನಿಜ. ಈಗ ಆ ಪಾಪವೂ ಬರುತ್ತಿಲ್ಲ. ಅಮ್ಮನಿಗೆ ಇರುವ ಮಗಳು ನಾನೊಬ್ಬಳೇ. ಆ ಮಗಳ ಮಾತು ಅಮ್ಮನ ಕಿವಿಯೊಳಗೆ ಹೋಗದ ಹಾಗೆ ಮಾಡಿದಿರಿ.

ಅಪ್ಪನಿಗೂ ಹೇಳಿದೆ. ಪೂರ್ತಿ ಹೇಳಿದೆ, ನನ್ನ ತಿಂಗಳ ವಿಷಯವನ್ನೂ ಬಿಡದೆ. ಅವರು, "ಹೆಂಗಸರ ವಿಷಯ ನನಗೆಲ್ಲಿ ಗೊತ್ತಾಗ್ತದೆ. ಸೌಂದರ್ಯಂಗೆ ಹೇಳ್ತೀನಿ, ಅವಳೇ ನೋಡ್ಕೊಳ್ತಾಳೆ" ಅಂದರು. ವಾರ್ಡನ್ ಹತ್ತಿರ ರಜೆ ಕೇಳಿದೆ. ಪರೀಕ್ಷೆ ಮುಗಿಯುವವರೆಗೆ ಇಲ್ಲವಂತೆ. ಬಿಟ್ಟು ಬಂದರೂ ಪ್ರಯೋಜನವಿಲ್ಲ. ನಾನು ನೀರಿನ ಲೋಟ ಹಿಡಿದು ನಿಂತರೆ ಅಮ್ಮ ಹೂಂ ಅಂದು ಬಾಯಿಗೆ ಹಾಕಿಕೊಂಡು, ಬಚ್ಚಲಿಗೆ ಹೋಗಿ ಉಗಿದು, ನನ್ನ ಮಾರ್ಕ್ಸ್ ಉಳಿಯಿತು ಅಂದುಕೊಳ್ಳುತ್ತಾಳೆ.

ಮೇಡಂಗೆ ಅಮ್ಮನ ಲಕ್ಷಣಗಳನ್ನು ಯಾರದೋ ಕಥೆಯ ಹಾಗೆ ಹೇಳಿದೆ. ಹೀಗೇ ಬಿಟ್ಟರೆ ಹೃದಯಕ್ಕೆ ಬರುತ್ತದೆ, ಒಂದು ದಿನ ಎಬ್ಬಿಸಿದರೂ ಏಳದ ಹಾಗೆ ಆಗಬಹುದು ಅಂದರು. ನಾನು ಸರಿ ಮೇಡಂ ಅಂದು ಬಂದೆ. ಡಿಸೆಂಬರಿನಲ್ಲಿ ನನ್ನನ್ನು ಹೊಗಳಿದವರಿಗೆ ಆ ಮನೆಯೇ ಈ ಮನೆ ಎಂದು ಹೇಳಲು ಬಾಯಿ ಬರಲಿಲ್ಲ.

ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ. ನಿಮ್ಮ ಮೇಲೆ ನನಗೆ ಈಗ ನಂಬಿಕೆ ಇಲ್ಲ. ಅಮ್ಮನಿಗೆ ಇದೆ. ಅವಳು ಆ ಮಾತ್ರೆಯನ್ನು ಇನ್ನು ನುಂಗುವುದಾದರೆ ನಿಮ್ಮ ಕೈಯಿಂದ ಮಾತ್ರ.

ಫೋಟೊ ತೆಗೆಯಿರಿ ಎಂದಿದ್ದೆ. ಬೇಡ, ಇರಲಿ. ಮೈಸೂರಿಗೆ ಹೋಗಿ, ಸ್ಟೇಜ್ ಹತ್ತಿ, ನನ್ನ ಕಥೆ ನಿಮಗೆ ಬೇಕಾದ ಹಾಗೆ ಹೇಳಿಕೊಳ್ಳಿ. ನಾನು ಎಲ್ಲಿಯೂ ಏನೂ ಹಾಕುವುದಿಲ್ಲ. ಚಿಕ್ಕಪ್ಪ ನಗುವ ಹಾಗೆ ಮಾಡುವುದಿಲ್ಲ. ಮಿಕ್ಕ ಹೆಂಗಸರ ವಿಷಯದಲ್ಲಿ ನಾನು ಹೀಗೆ ಸುಮ್ಮನಾಗುವುದು ತಪ್ಪು, ಗೊತ್ತು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಿಮಗೆ ಕೊಡಲು ನನ್ನ ಹತ್ತಿರ ಬೇರೇನೂ ಇಲ್ಲ.

ಈ ಪತ್ರ ಓದಿದ ಮರುದಿನ ಬೆಳಿಗ್ಗೆ, ಕ್ಲಬ್ಬಿನ ಬಾಗಿಲು ತೆಗೆಯುವ ಮೊದಲು, ಅಮ್ಮನ ಹತ್ತಿರ ಹೋಗಿ. ಬರೀ ನೀರಿನಲ್ಲಿ ಮಾತ್ರೆ ಕೊಡಿ. ನುಂಗುವವರೆಗೆ ಅಲ್ಲೇ ನಿಲ್ಲಿ. ಗಗನಾ ಮಾತ್ರೆ ಬಿಡು ಅಂದಿರಲಿಲ್ಲ, ಅದು ನಾನೇ ಹೇಳಿದ್ದು ಅಂತ ನಿಮ್ಮ ಬಾಯಿಂದ ಹೇಳಿ. ಅಷ್ಟು ಹೇಳಲು ಆಗದಿದ್ದರೆ ಬೇರೆ ಯಾವ ಸುಳ್ಳಾದರೂ ಹೇಳಿ, ಮಾತ್ರೆ ಒಳಗೆ ಹೋಗಲಿ. ದಿನವೂ ಹಾಗೇ ಮಾಡಿ.

ಮಾಡುತ್ತೀರೋ ಇಲ್ಲವೋ, ಒಂದು ಕಾರ್ಡಿನಲ್ಲಿ ಬರೆದು ಹಾಕಿ. ಭಾನುವಾರದವರೆಗೆ ಕಾಯಬೇಡಿ. ದಯವಿಟ್ಟು ಕೂಡಲೇ ಉತ್ತರ ಕೊಡಿ.

ಗಗನಾ